ತಿವಿಗೋಲಿನಿಂದ ಅಂಗನವಾಡಿಗೆ ಬಂದ ಸ್ಟಿಮ್ಯುಲೇಶನ್

ಹಾಸನ, ಚಿಕ್ಕಮಗಳೂರು ಕಡೆ ಈಗ ಸ್ಟಿಮ್ಯುಲೇಶನ್, ಅಂದರೆ ಉತ್ತೇಜನ, ಎಂಬ ಒಂದು ಇಂಗ್ಲಿಷ್ ಪದ ನಾಲ್ಕೈದು ಬಾಗಿಲುಗಳಿಂದ ಒಟ್ಟಿಗೇ ಒಳಗೆ ಬಂದಿದೆ. ಅಂಗನವಾಡಿ ಕಾರ್ಯಕರ್ತೆಯರಿಗೆ 'ಅರ್ಲಿ ಸ್ಟಿಮ್ಯುಲೇಶನ್' ಮಾಡಿಸಿ ಎನ್ನುತ್ತಾರೆ. ಮಕ್ಕಳ ಡಾಕ್ಟರ ಹತ್ತಿರ ಹೋದರೆ, ಮೊಬೈಲ್ ಜಾಸ್ತಿಯಾಗಿ 'ಓವರ್ ಸ್ಟಿಮ್ಯುಲೇಶನ್' ಆಗಿದೆ ಅಂತಾರೆ. ಬಿಪಿ ಇದ್ದವರಿಗೆ 'ಸ್ಟಿಮ್ಯುಲೆಂಟ್' ಕಡಿಮೆ ಮಾಡಿ ಎಂಬ ಸಲಹೆ. ಟಿವಿಯಲ್ಲಿ ಅರ್ಥಶಾಸ್ತ್ರದ ಚರ್ಚೆ ಹತ್ತಿದರೆ 'ಸ್ಟಿಮ್ಯುಲಸ್ ಪ್ಯಾಕೇಜ್'. ಒಂದು ಕಡೆ ಅದೇ ಮದ್ದು, ಇನ್ನೊಂದು ಕಡೆ ಅದೇ ಕಾಯಿಲೆ. ಇದು ಹೇಗೆ?

ಸುಮ್ನೆ ಪದದ ಚರ್ಚೆ ಅಂತ ಇದನ್ನು ಬದಿಗಿಡುವ ಹಾಗಿಲ್ಲ. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಬಂತಲ್ಲ, ಆಗ ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಟೀ ಅಂಗಡಿಯ ಮಾತಿನಲ್ಲಿ ತಪ್ಪಿತಸ್ಥರ ಪಟ್ಟಿಯೇ ತಯಾರಾಯಿತು. ಲಸಿಕೆ, ಕಾಫಿ, ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್, ಜಿಮ್ ಪುಡಿ, ನಿದ್ದೆಗೇಡಿ ಡ್ರೈವಿಂಗ್. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಅದು ಯಾವುದೋ ಒಂದು ಹೊಸ ಕಾರಣದ ಕಡೆ ಬೆರಳು ತೋರಿಸಲಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ತಂಬಾಕು, ಕುಡಿತ, ಇವೇ ಹಳೇ ಅಪಾಯಗಳು ಎದುರಿಗೆ ಬಂದವು. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರೂ ಇದ್ದರು. ಆದರೆ ಟೀ ಅಂಗಡಿಯ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಸುಸ್ತಾದ ಮೈಯನ್ನು ಏನಾದರೂ ಕುಡಿದು ಎಬ್ಬಿಸುತ್ತೀವಲ್ಲ, ಆಗ ನಿಜವಾಗಿ ಮೈಗೆ ಏನು ಸೇರುತ್ತದೆ?

ಪದದ ಹುಟ್ಟನ್ನು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಸ್ಟಿಮುಲುಸ್ ಅಂದರೆ ದನ ಹೊಡೆಯುವ ಚೂಪು ಕೋಲು. ಎತ್ತು ನಿಧಾನ ಮಾಡಿದರೆ ತೊಡೆಗೆ ತಿವಿಯುವ ಮೊನೆಗೋಲು. ನಮ್ಮಲ್ಲಿ ಕೆಲವರು ಬಾರುಕೋಲಿನ ತುದಿಗೆ ಮೊಳೆ ಹೊಡೆದು ಇಟ್ಟುಕೊಳ್ಳುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಆ ಕೋಲಿನಿಂದ ತಿವಿಯುವುದು ಸ್ಟಿಮುಲಾರೆ. ತಿವಿತ ಎಂಬ ಕ್ರಿಯೆಗೆ ಸ್ಟಿಮುಲಾಟಿಯೊ. ರೋಮನ್ನರಿಗೆ ಇದು ಬರೀ ಹೊಲದ ಮಾತಾಗಿರಲಿಲ್ಲ. ಕ್ರಿ.ಪೂ. 52ರಲ್ಲಿ ಅಲೇಸಿಯಾ ಕೋಟೆಗೆ ಮುತ್ತಿಗೆ ಹಾಕಿದ ಜೂಲಿಯಸ್ ಸೀಸರ್, ಒಂದು ಅಡಿ ಉದ್ದದ ಮರದ ತುಂಡುಗಳಿಗೆ ಕಬ್ಬಿಣದ ಕೊಕ್ಕೆ ಚುಚ್ಚಿಸಿ, ಶತ್ರುಗಳ ಕಾಲಿಗೆ ಸಿಗುವಂತೆ ನೆಲದಲ್ಲಿ ಹೂಳಿಸಿದ. ಅವಕ್ಕೆ ಅವನ ಸೈನಿಕರು ಇಟ್ಟ ಹೆಸರು 'ಸ್ಟಿಮುಲಿ'. ಅಂದರೆ ಮೂಲದಲ್ಲಿ ಈ ಪದದಲ್ಲಿ ಪ್ರೀತಿ, ಪ್ರೋತ್ಸಾಹ ಏನೂ ಇರಲಿಲ್ಲ. ನೋವಿತ್ತು.

ಇಂಗ್ಲಿಷಿಗೆ ಸ್ಟಿಮ್ಯುಲೇಶನ್ ಬಂದಿದ್ದು 16ನೇ ಶತಮಾನದಲ್ಲಿ. ಮುಂದಿನ ಶತಮಾನದ ಕೊನೆಗೆ ವೈದ್ಯರು 'ಸ್ಟಿಮ್ಯುಲಸ್' ಎಂಬ ಮಾತನ್ನು ಎತ್ತಿಕೊಂಡರು. ಮಂಕಾಗಿರುವ ಅಂಗವನ್ನು ತಿವಿದು ಕೆಲಸಕ್ಕೆ ಹಚ್ಚುವ ವಸ್ತು ಎಂಬುದು ಅವರ ಅರ್ಥ. ಎತ್ತಿನ ಜಾಗದಲ್ಲಿ ಹೊಟ್ಟೆ, ಹೃದಯ, ನರ ಬಂದವು. ಕೋಲಿನ ಜಾಗಕ್ಕೆ ಔಷಧಿ.

ಒಂದು ಸ್ವಾರಸ್ಯ ಇಲ್ಲಿದೆ. ಕನ್ನಡದಲ್ಲಿ ಇದಕ್ಕೆ ನಾವು ಬಳಸುವ 'ಉತ್ತೇಜನ' ಸಂಸ್ಕೃತದ 'ತಿಜ್' ಧಾತುವಿನಿಂದ ಬಂದದ್ದು. ಹರಿತ ಮಾಡು, ಚೂಪು ಮಾಡು ಎಂದು ಅದರ ಅರ್ಥ. ತೇಜಸ್ಸು, ತೀಕ್ಷ್ಣ ಎಲ್ಲ ಅದರ ಮಕ್ಕಳೇ. ಈ ತಿಜ್ ಮತ್ತು ಇಂಗ್ಲಿಷಿನ ಇನ್‌ಸ್ಟಿಗೇಟ್ ಎಂಬ ಪದದೊಳಗಿನ ಲ್ಯಾಟಿನ್ ಬೇರು ಒಂದೇ ಹಳೆಯ ಮೂಲದವು. ಸ್ಟಿಮುಲುಸ್ ಕೂಡ ಆ ಕುಟುಂಬದ್ದೇ ಎಂದು ಎಷ್ಟೋ ನಿಘಂಟುಕಾರರು ಹೇಳುತ್ತಾರೆ. ಎಲ್ಲ ಭಾಷಾಶಾಸ್ತ್ರಜ್ಞರೂ ಒಪ್ಪಿಲ್ಲ, ಅದು ಬೇರೆ ಮಾತು. ಆದರೆ ನಮ್ಮ ಭಾಷೆ ಮಾಡಿಕೊಂಡ ಒಂದು ಜಾಣತನ ಈ ಇಂಗ್ಲಿಷ್ ಪದದಲ್ಲಿ ಇಲ್ಲ. ಸರ್ಕಾರ ಕೊಟ್ಟರೆ ಪ್ರೋತ್ಸಾಹ, ಮೇಷ್ಟ್ರು ಕೊಟ್ಟರೆ ಉತ್ತೇಜನ, ಗಲಾಟೆಯಲ್ಲಿ ಮಾಡಿದರೆ ಪ್ರಚೋದನೆ, ಹಿಂದೆ ನಿಂತು ಮಾಡಿದರೆ ಕುಮ್ಮಕ್ಕು. ಮಾಡಿದವರು ಯಾರು, ಯಾಕೆ ಅನ್ನುವುದು ಪದದಲ್ಲೇ ಗೊತ್ತಾಗುತ್ತದೆ. ಸ್ಟಿಮ್ಯುಲೇಶನ್ ಅಂದುಬಿಟ್ಟರೆ ಅದು ಮುಚ್ಚಿಹೋಗುತ್ತದೆ.

ತಿವಿಗೋಲಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಎತ್ತಿನ ವಿಚಾರದಲ್ಲಿ ನಮ್ಮ ಕಾನೂನು ಈ ಪ್ರಶ್ನೆಯನ್ನು ಎಂದೋ ತೀರ್ಮಾನ ಮಾಡಿದೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಇವತ್ತಿಗೂ ಅಮೃತ ಮಹಲ್ ತಳಿ ಕೇಂದ್ರ ಇದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದವು. ತೋಪು ಎಳೆಯಲು, ಸೈನ್ಯದ ಸಾಮಾನು ಹೊರಲು ಬೆಳೆಸಿದ ಓಟದ ಎತ್ತುಗಳು. ಆ ಓಟ ತಳಿಯಿಂದ, ಕಾವಲುಗಳ ಮೇವಿನಿಂದ ಬಂದದ್ದು. ಕೋಲಿನಿಂದ ಅಲ್ಲ. 1965ರ ಕೇಂದ್ರದ ನಿಯಮಗಳ ಪ್ರಕಾರ ಗಾಡಿ ಎತ್ತನ್ನು ಓಡಿಸಲು ಮೊಳೆ ಹೊಡೆದ ಕೋಲು ಬಳಸುವಂತೆಯೇ ಇಲ್ಲ. ಅಕ್ಷರಶಃ 'ಸ್ಟಿಮುಲುಸ್' ನಮ್ಮ ದೇಶದಲ್ಲಿ ಎತ್ತಿಗೆ ನಿಷಿದ್ಧ! ಮನುಷ್ಯರಿಗೆ ಮಾತ್ರ ಅದನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತೇವೆ.

ತಿವಿಯುವುದನ್ನೇ ಉಣಿಸುವುದು ಎಂದು ತಪ್ಪು ತಿಳಿದದ್ದು ನಮ್ಮ ಕಾಲದವರೇ ಮೊದಲಲ್ಲ. ಸ್ಕಾಟ್ಲೆಂಡಿನ ವೈದ್ಯ ಜಾನ್ ಬ್ರೌನ್ 1780ರಲ್ಲಿ ಒಂದು ಸಿದ್ಧಾಂತ ಹೊರಡಿಸಿದ. ಜೀವ ಅನ್ನುವುದೇ ಹೊರಗಿನ ತಿವಿತಗಳಿಂದ ನಡೆಯುವ ಚಟುವಟಿಕೆ. ಹೆಚ್ಚಿನ ಕಾಯಿಲೆಗಳು ಈ ತಿವಿತ ಕಡಿಮೆಯಾಗಿ ಬರುತ್ತವೆ. ಹಾಗಾಗಿ ಮದ್ಯ ಕೊಡಿ, ಅಫೀಮು ಕೊಡಿ, ಮಾಂಸ ಕೊಡಿ, ರೋಗಿ ಏಳುತ್ತಾನೆ. ಯುರೋಪಿನ ತುಂಬ ಈ ಮಾತಿಗೆ ಬೆಂಬಲಿಗರು ಹುಟ್ಟಿಕೊಂಡರು. ಕುಡಿದ ರೋಗಿ ನಿಜವಾಗಿಯೂ ಎದ್ದು ಕೂರುತ್ತಿದ್ದ ಅನ್ನುವುದೇ ಇದರ ಮೋಸ. ಸ್ವಲ್ಪ ಹೊತ್ತು. ಬ್ರೌನ್ ತಾನೂ ಅದೇ ಔಷಧಿ ತೆಗೆದುಕೊಳ್ಳುತ್ತ 1788ರಲ್ಲಿ ಸತ್ತ. ಸಿದ್ಧಾಂತವೂ ಕ್ರಮೇಣ ಮೂಲೆ ಸೇರಿತು. ಆದರೆ 'ಡಲ್ ಆಗಿದ್ದೀಯಾ, ಏನಾದ್ರೂ ಕುಡಿ' ಎಂಬ ಅವನ ಚಿಕಿತ್ಸೆ ಇನ್ನೂ ನಮ್ಮ ಜೊತೆಗೇ ಇದೆ.

ಈಗ ಕಾಫಿಗೆ ಬರೋಣ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರು ಎಂಬ ಕಥೆ ಇರುವ ಊರಿನಲ್ಲಿ ಕಾಫಿಯನ್ನು ಬೈದು ಬಾಳುವುದು ಕಷ್ಟ, ಬೈಯುವ ಅಗತ್ಯವೂ ಇಲ್ಲ. ಕಾಫಿಯೊಳಗಿನ ಕೆಫೀನನ್ನು ಮೊದಲು ಬೇರ್ಪಡಿಸಿದ್ದು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ, 1819ರಲ್ಲಿ. ಅವನ ಕೈಗೆ ಬೀಜ ಕೊಟ್ಟು ಪರೀಕ್ಷೆ ಮಾಡು ಅಂದವನು ಕವಿ ಗಯಟೆ. ಅದು ಮೈಯಲ್ಲಿ ಏನು ಮಾಡುತ್ತದೆ ಅನ್ನುವುದು ಸ್ಪಷ್ಟವಾಗಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು.

ನಾವು ಎಚ್ಚರವಾಗಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. ಜೀವಕೋಶಗಳು ದುಡಿದಷ್ಟೂ ಅದು ಜಾಸ್ತಿ. ನರಕೋಶಗಳ ಮೇಲೆ ಅದಕ್ಕೆಂದೇ ಜಾಗಗಳಿವೆ. ಅಲ್ಲಿ ಹೋಗಿ ಕೂತರೆ, 'ಸಾಕು, ಮಲಗು' ಎಂಬ ಸುದ್ದಿ ಮುಟ್ಟುತ್ತದೆ. ಕೆಫೀನಿನ ಆಕಾರ ಅಡಿನೋಸಿನ್‌ಗೆ ಹತ್ತಿರ. ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಅದು ಮೊದಲೇ ಜಾಗ ಹಿಡಿದುಬಿಡುತ್ತದೆ. ಸುಸ್ತು ಎಲ್ಲೂ ಹೋಗಿರುವುದಿಲ್ಲ, ಅಲ್ಲೇ ನಿಂತಿರುತ್ತದೆ. ಸುದ್ದಿ ಮಾತ್ರ ಮುಟ್ಟುವುದಿಲ್ಲ. ಕೆಫೀನ್ ಕರಗಿದ ಮೇಲೆ ಕಾದು ನಿಂತ ಅಡಿನೋಸಿನ್ ಎಲ್ಲ ಒಟ್ಟಿಗೇ ನುಗ್ಗುತ್ತದೆ. ಆಗ ಬರುವ ಜೋಂಪು ನಿಮಗೆ ಗೊತ್ತಿರುತ್ತದೆ, ಅಲ್ವಾ?

ಕರಗುವ ಲೆಕ್ಕ ಒಂದಿದೆ. ಆರೋಗ್ಯವಂತ ದೊಡ್ಡವರಲ್ಲಿ ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ 5ಕ್ಕೆ 100 ಮಿಲಿಗ್ರಾಂ ಕೆಫೀನ್ ಇರುವ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದರೆ ರಾತ್ರಿ 10ಕ್ಕೆ ಮೈಯಲ್ಲಿ 50, ಬೆಳಗಿನ ಜಾವ 3ಕ್ಕೆ 25 ಉಳಿದಿರುತ್ತದೆ. ಬಸುರಿಯರಲ್ಲಿ ಇದು ಇನ್ನೂ ನಿಧಾನ, ಅವರಿಗೆ ದಿನಕ್ಕೆ 200 ಮಿಲಿಗ್ರಾಂ ಮೀರದಿರಲಿ ಎಂಬುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಸಲಹೆ. ಉಳಿದ ದೊಡ್ಡವರಿಗೆ 400. ಈ ಮಿತಿಯೊಳಗೆ ಕಾಫಿ ಕುಡಿಯುವವರಿಗೆ ಹೃದಯದ ಕಾಯಿಲೆ ಜಾಸ್ತಿ ಎಂದು ದೊಡ್ಡ ಅಧ್ಯಯನಗಳು ಹೇಳಿಲ್ಲ. ನಮ್ಮ ಕಡೆ ಪುಡಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ 'ಎಷ್ಟು ಲೋಟ' ಎಂದು ಎಣಿಸುವುದಕ್ಕಿಂತ 'ಯಾವ ಪುಡಿ' ಎಂದು ಕೇಳುವುದೇ ಸರಿ.

ಹಾಗಾದರೆ ಎನರ್ಜಿ ಡ್ರಿಂಕ್ ಮೇಲೆ ಯಾಕೆ ಕೋಪ? ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಇಂಥ ಪಾನೀಯಕ್ಕೆ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಮಿತಿ. 250 ಎಂಎಲ್ ಡಬ್ಬಿಗೆ ಜಾಸ್ತಿ ಅಂದರೆ 75 ಮಿಲಿಗ್ರಾಂ. ಒಂದು ಒಳ್ಳೆ ಕಾಫಿಗಿಂತ ಹೆಚ್ಚೇನೂ ಇಲ್ಲ! ಕೆಫೀನ್ ಒಂದನ್ನೇ ಹಿಡಿದುಕೊಂಡು ಕೂಗಾಡಿದರೆ ವಾದ ಬಿದ್ದುಹೋಗುತ್ತದೆ. ತೊಂದರೆ ಬೇರೆ ಕಡೆ ಇದೆ. ಬಿಸಿ ಕಾಫಿಯನ್ನು ಊದಿ ಊದಿ ಕುಡಿಯಬೇಕು, ತಣ್ಣನೆ ಡಬ್ಬಿಯನ್ನು ಒಂದೇ ಗುಟುಕಿಗೆ ಇಳಿಸಬಹುದು, ಇನ್ನೊಂದನ್ನೂ ತೆರೆಯಬಹುದು. ಸಕ್ಕರೆ ಇರುವ ಡಬ್ಬಿಯಲ್ಲಿ ಸಾಮಾನ್ಯವಾಗಿ 25 ಗ್ರಾಂ ಆಸುಪಾಸು ಸಕ್ಕರೆ. ಕುಡಿಯುವವನು ನಲವತ್ತು ಕೆಜಿಯ ಹೈಸ್ಕೂಲ್ ಹುಡುಗ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಇದು ಬೇಡ ಎಂದು ಡಬ್ಬಿಯ ಮೇಲೆ ಬರೆಯಲೇಬೇಕು, ಬರೆದಿರುತ್ತಾರೆ ಕೂಡ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಕಾಲೇಜು ರಸ್ತೆಯ ಅಂಗಡಿಯವರು ಅದನ್ನು ಓದಿ ಮಾರುತ್ತಾರೆ ಅಂತ ನನಗನ್ನಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಹೆಸರಿನದು. ಸ್ಟಿಮ್ಯುಲೆಂಟ್ ಎಂದು ಕರೆದಿದ್ದರೆ ತಿವಿಗೋಲು ಎಂಬ ನೆನಪಾದರೂ ಉಳಿಯುತ್ತಿತ್ತು. 'ಎನರ್ಜಿ' ಎಂದು ಕರೆದ ಕೂಡಲೇ ಅದು ಮೇವಾಯಿತು. ಪಿಯು ಪರೀಕ್ಷೆಗೆ ರಾತ್ರಿ ಓದುವ ಹುಡುಗನ ತಾಯಿ, ಮಗನಿಗೆ ಶಕ್ತಿ ಬರಲಿ ಅಂತ ತಾನೇ ದುಡ್ಡು ಕೊಟ್ಟು ತರಿಸುತ್ತಾಳೆ. ಹಾಲಿನ, ಮಾಲ್ಟಿನ ಪಾನೀಯಗಳನ್ನು ಎನರ್ಜಿ ಡ್ರಿಂಕ್, ಹೆಲ್ತ್ ಡ್ರಿಂಕ್ ಎಂಬ ಪಟ್ಟಿಯಲ್ಲಿ ಸೇರಿಸಿ ಮಾರಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಒಳ್ಳೆಯದೇ. ಆದರೆ ಕೆಫೀನ್ ನೀರಿಗೆ ಎನರ್ಜಿ ಎನ್ನುವ ಹೆಸರನ್ನು ಯಾರೂ ಮುಟ್ಟಲಿಲ್ಲ.

ತಿವಿಯಲೇಬೇಕಾದ ಸಂದರ್ಭವೂ ಇರುತ್ತದೆ. ಮಂಗಳೂರಿನಿಂದ ಲೋಡ್ ತುಂಬಿಕೊಂಡು ರಾತ್ರಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬರುವ ಲಾರಿ ಡ್ರೈವರ್‌ಗೆ ನಿದ್ದೆ ಮಾಡಪ್ಪ ಎಂದು ಉಪದೇಶ ಮಾಡಿದರೆ ಅವನು ನಗುತ್ತಾನೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ರೇನರ್ ಮತ್ತು ಹಾರ್ನ್ ಎಂಬ ನಿದ್ರಾ ಸಂಶೋಧಕರು 1997ರಲ್ಲಿ ಡ್ರೈವಿಂಗ್ ಯಂತ್ರದಲ್ಲಿ ತೂಕಡಿಸುವವರನ್ನು ಕೂರಿಸಿ ಪರೀಕ್ಷೆ ಮಾಡಿದರು. 150 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡು, ಕೂಡಲೇ 15 ನಿಮಿಷದೊಳಗೆ ಒಂದು ಸಣ್ಣ ನಿದ್ದೆ ಮಾಡಿದವರು ಬರೀ ಕೆಫೀನ್ ಕುಡಿದವರಿಗಿಂತ ಚೆನ್ನಾಗಿ ಓಡಿಸಿದರು. ಕೆಫೀನ್ ರಕ್ತಕ್ಕೆ ಸೇರಿ ಕೆಲಸಕ್ಕೆ ಹತ್ತಲು ಅರ್ಧ ಗಂಟೆ ಬೇಕು. ಆ ಸಮಯ ನಿದ್ದೆಗೆ ಸಿಗುತ್ತದೆ, ನಿದ್ದೆ ಒಂದಿಷ್ಟು ಅಡಿನೋಸಿನ್ ತೊಳೆಯುತ್ತದೆ. ಕುಡಿದು ಮಲಗುವುದು ಕೇಳಲು ಉಲ್ಟಾ ಅನ್ನಿಸುತ್ತದೆ. ದೋಣಿಗಲ್ ಹತ್ತಿರದ ಯಾವ ಟೀ ಅಂಗಡಿಯ ಪಕ್ಕದಲ್ಲಾದರೂ ಇದನ್ನು ಮಾಡಬಹುದು, ಖರ್ಚಿಲ್ಲ. ಓನರ್ ಫೋನ್ ಮಾಡಿ 'ಎಲ್ಲಿದ್ದೀಯಾ' ಎಂದು ತಿವಿಯದಿದ್ದರೆ.

ತಿವಿತದ ಹಿಂದೆ ಮುಂದೆ ಏನಿದೆ ಎಂಬುದೇ ಮುಖ್ಯ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕಾಫಿ ಗಿಡವೇ. ತೋಟದವರಿಗೆ ಇದನ್ನು ಹೇಳುವ ಅಗತ್ಯವಿಲ್ಲ, ಬಯಲುಸೀಮೆಯವರಿಗಾಗಿ ಬರೆಯುತ್ತೇನೆ. ಮಾರ್ಚ್ ಬಂತೆಂದರೆ ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರ ಕಡೆ ಇಬ್ಬರು ಪ್ಲಾಂಟರುಗಳು ಸಿಕ್ಕರೆ ಮೊದಲ ಮಾತು 'ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಿತ್ತು?' ಎಂದು. ಇಲ್ಲಿ ಮಳೆಯನ್ನು ಇಂಚು, ಸೆಂಟ್ಸಿನಲ್ಲಿ ಅಳೆಯುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು. ಆಗ ಬರುವುದು ಬ್ಲಾಸಂ ಶವರ್, ಹೂಮಳೆ.

ಆ ಮಳೆಗೆ ಮುಂಚೆ ಗಿಡದ ಹತ್ತಿರ ಬಗ್ಗಿ ನೋಡಬೇಕು. ಎಲೆ ರೆಂಬೆಗೆ ಸೇರುವ ಕಂಕುಳಲ್ಲಿ ಹಸಿರು ಮೊಗ್ಗುಗಳ ಗೊಂಚಲು. ಒಂದೊಂದೂ ಅರ್ಧ ಸೆಂಟಿಮೀಟರ್ ಉದ್ದ, ಮುಟ್ಟಿದರೆ ಸ್ವಲ್ಪ ಅಂಟು. ವಾರಗಟ್ಟಲೆ ಬೆಳೆಯದೆ ಹಾಗೇ ನಿಂತಿರುತ್ತವೆ. ಬಿಸಿಲಿಗೆ ಎಲೆಗಳು ಜೋತುಬಿದ್ದಿರುತ್ತವೆ. ನೋಡಿದವರಿಗೆ ಗಿಡ ಸಾಯುತ್ತಿದೆ ಅನ್ನಿಸಬೇಕು. ಒಂದು ಇಂಚು, ಒಂದೂವರೆ ಇಂಚು ಮಳೆ ಬಿದ್ದರೆ ಸಾಕು, ಮೊಗ್ಗು ಉದ್ದವಾಗುತ್ತ, ಬಿಳಿಚುತ್ತ, ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ. ಮಲ್ಲಿಗೆಯನ್ನು ಹೋಲುವ ವಾಸನೆ ರಸ್ತೆವರೆಗೂ ಬರುತ್ತದೆ. ಮಳೆ ಆ ಹೂವನ್ನು ಮಾಡಿದ್ದಲ್ಲ. ಹೂವು ಮೊಗ್ಗಿನೊಳಗೆ ತಯಾರಾಗಿ ಕಾಯುತ್ತಿತ್ತು, ಮಳೆ ತಿವಿದು ಎಬ್ಬಿಸಿತು. ಇದಕ್ಕಿಂತ ವಿಚಿತ್ರವಾದ ಸಂಗತಿ, ಕಾಯಿಸದೆ ಎಬ್ಬಿಸಿದರೆ ಅದು ಏಳುವುದಿಲ್ಲ. ಬ್ರೆಜಿಲಿನ ಸಸ್ಯವಿಜ್ಞಾನಿ ಪಾಲೊ ಅಲ್ವಿಮ್ 1960ರಲ್ಲೇ ತೋರಿಸಿದಂತೆ, ನೀರಿನ ಕೊರತೆಯನ್ನೇ ಕಾಣದೆ ಸದಾ ಹಸಿಯಲ್ಲಿರುವ ಗಿಡದಲ್ಲಿ ಮೊಗ್ಗು ಮಲಗಿಯೇ ಇರುತ್ತದೆ. ಒಂದು ಬರ ಬೇಕು, ಆಮೇಲೆ ನೀರು ಬೇಕು. ರೋಬಸ್ಟಾ ತೋಟದವರು ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕುವ ಮುಂಚೆ ಗಿಡವನ್ನು ಒಣಗಲು ಬಿಡುವುದು ಇದಕ್ಕೇ.

ಅರ್ಧಂಬರ್ಧ ತಿವಿದರೆ? ಮೂವತ್ತು ಸೆಂಟ್ಸ್ ಬಿದ್ದು ನಿಂತುಹೋದ ವರ್ಷ ಮೊಗ್ಗು ಅರ್ಧ ಬಿಚ್ಚಿ ಅಲ್ಲೇ ಕರಕಲಾಗುತ್ತದೆ. ಪೂರ್ತಿ ಅರಳಿದರೂ ಕೆಲಸ ಮುಗಿಯಲಿಲ್ಲ. ಹೂವಾಗಿ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಶವರ್, ಅಂದರೆ ಹೂಮಳೆಗೆ ಬೆಂಬಲವಾಗಿ ಬೀಳುವ ಎರಡನೇ ಮಳೆ, ಬರಬೇಕು. ಬರದಿದ್ದರೆ ಪಿಂದೆ ಉದುರುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು. ಅಲ್ಲಿನ ನೂರು ವರ್ಷದ ಸಲಹೆಗಳನ್ನೆಲ್ಲ ತಿರುವಿದರೂ ಹೂಮಳೆಯ ಜೊತೆಗೆ ಬ್ಯಾಕಿಂಗ್ ಇದ್ದೇ ಇರುತ್ತದೆ. ಸರ್ಕಾರಗಳ ಆರ್ಥಿಕ ಸ್ಟಿಮ್ಯುಲಸ್ ಬಗ್ಗೆ ನಾನು ಇಲ್ಲಿ ಜಾಸ್ತಿ ಬರೆಯುವುದಿಲ್ಲ. 2020ರ 20 ಲಕ್ಷ ಕೋಟಿ ಪ್ಯಾಕೇಜಿನ ಚರ್ಚೆಯಲ್ಲಿ ಎಲ್ಲರೂ ಹೂಮಳೆ ಎಷ್ಟು ಸೆಂಟ್ಸ್ ಎಂದು ಎಣಿಸಿದರು, ಬ್ಯಾಕಿಂಗ್ ಬಗ್ಗೆ ಕೇಳಿದವರು ಕಡಿಮೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಹೂವಿನ ಮಾತು ಬಂದಾಗ ಜೇನನ್ನು ಬಿಡುವಂತಿಲ್ಲ. ಕಾಫಿ ಹೂವಿನ ಮಕರಂದದಲ್ಲೂ ಚೂರು ಕೆಫೀನ್ ಇದೆ. ಜೇನುಹುಳುವಿಗೆ ಕಹಿ ತಿಳಿಯದಷ್ಟು ಕಡಿಮೆ. ಆದರೆ ಅದನ್ನು ಕುಡಿದ ಹುಳು ಆ ವಾಸನೆಯನ್ನು ಜಾಸ್ತಿ ಹೊತ್ತು ನೆನಪಿಡುತ್ತದೆ ಎಂದು ಜೆರಾಲ್ಡೀನ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ಪರೀಕ್ಷೆ ಮಾಡಿ ತೋರಿಸಿದರು. ಗಿಡ ತನ್ನ ಎಲೆ, ಬೀಜದಲ್ಲಿ ಹುಳುಗಳನ್ನು ಓಡಿಸಲು ಇಟ್ಟುಕೊಂಡ ವಿಷ ಇದು. ಹೂವಿನಲ್ಲಿ ಅದನ್ನೇ ಅಳತೆ ಮಾಡಿ ಗಿರಾಕಿ ಹಿಡಿಯಲು ಬಳಸಿತು! ಕಾಫಿ ಅಂಗಡಿ ಇಡುವ ಬುದ್ಧಿ ನಮಗೆ ಮೊದಲು ಬಂದದ್ದಲ್ಲ.

ಈಗ ಕೋಲಿಲ್ಲದ ತಿವಿತ. ಹಾಸನ ಹಾಲಿನ ಜಿಲ್ಲೆ, ಆದ್ದರಿಂದ ಕೊಟ್ಟಿಗೆಗೆ ಹೋಗೋಣ. ನಾಟಿ ಹಸು ಹಾಗೆ ಸುಮ್ನೆ ಹಾಲು ಕೊಡುವುದಿಲ್ಲ. ಕರು ಬಿಡಬೇಕು. ಕರು ಕೆಚ್ಚಲಿಗೆ ಎರಡು ಸಲ ಗುದ್ದಿ ಮೊಲೆ ಚೀಪಿದರೆ, ಆ ಸ್ಪರ್ಶದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗಿ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಒಂದು ನಿಮಿಷದ ಆಸುಪಾಸಿನಲ್ಲಿ ಕೆಚ್ಚಲಿನೊಳಗಿನ ಪುಟ್ಟ ಸ್ನಾಯುಗಳು ಹಿಂಡಿ ಹಾಲನ್ನು ಕೆಳಗಿಳಿಸುತ್ತವೆ. ಪರಿಣಾಮ ಇರುವುದು ಕೆಲವೇ ನಿಮಿಷ, ಅಷ್ಟರಲ್ಲಿ ಕರೆದು ಮುಗಿಸಬೇಕು. ರೂಢಿಯಾದ ಹಸು ಬಕೆಟ್ಟಿನ ಸದ್ದಿಗೇ ಹಾಲು ಇಳಿಸುವುದುಂಟು. ಅದೇ ಹಸುವನ್ನು ಬೈದು, ಹೊಡೆದು ಕರೆಯಲು ಕೂತರೆ ಹೆದರಿಕೆಯ ಅಡ್ರಿನಲಿನ್ ಬಂದು ಆಕ್ಸಿಟೋಸಿನ್ ಕೆಲಸ ಕೆಡುತ್ತದೆ. ಹಾಲು ಕೆಚ್ಚಲಲ್ಲೇ ಇರುತ್ತದೆ, ಇಳಿಯುವುದಿಲ್ಲ. 'ಹಸು ಹಾಲು ಕದ್ದಿತು' ಅನ್ನುತ್ತಾರೆ. ಕದ್ದಿದ್ದಲ್ಲ ಪಾಪ, ಹೆದರಿದ್ದು.

ವಿಜ್ಞಾನದ ಭಾಷೆಯಲ್ಲಿ ಕರುವಿನ ಗುದ್ದೂ ಸ್ಟಿಮ್ಯುಲಸ್, ಮೊಳೆಗೋಲೂ ಸ್ಟಿಮ್ಯುಲಸ್. ಒಂದು ಹಾಲಿಳಿಸುತ್ತದೆ, ಇನ್ನೊಂದು ಹಾಲು ನಿಲ್ಲಿಸುತ್ತದೆ. ಕರು ಇಲ್ಲದೆಯೇ ಆಕ್ಸಿಟೋಸಿನ್ ಸೂಜಿ ಚುಚ್ಚಿ ಕರೆಯುವ ದಾರಿಯನ್ನೂ ಜನ ಕಂಡುಕೊಂಡರು. ಹೆರಿಗೆಯಲ್ಲಿ ತಾಯಿಯ ಜೀವ ಉಳಿಸುವ ಔಷಧಿ ಅದು. ಚೀಟಿ ಇಲ್ಲದೆ ಮಾರುವಂತಿಲ್ಲ, ಹಾಲಿಗಾಗಿ ಚುಚ್ಚುವಂತಿಲ್ಲ. ಆದರೂ ನಡೆಯುತ್ತದೆ.

ಇಷ್ಟು ಹೇಳಿ, ತಿವಿತ ಎಂದೂ ಮೇವಲ್ಲ ಎಂದು ಗೆರೆ ಎಳೆದು ಮುಗಿಸಬಹುದಿತ್ತು. ಅದಕ್ಕೆ ಅಡ್ಡ ಬರುವ ಒಂದು ಅಧ್ಯಯನ ಇದೆ. ಅಂಗನವಾಡಿಗೆ ಈ ಪದ ಬಂದದ್ದೂ ಅಂಥ ಕೆಲಸಗಳಿಂದಲೇ. 1986–87ರಲ್ಲಿ ಜಮೈಕಾದ ಕಿಂಗ್‌ಸ್ಟನ್ ಪಟ್ಟಣದ ಬಡ ಬಡಾವಣೆಗಳಲ್ಲಿ, ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ನಾಲ್ಕು ಗುಂಪು ಮಾಡಿದರು. 9ರಿಂದ 24 ತಿಂಗಳ ಮಕ್ಕಳು. ಒಂದು ಗುಂಪಿಗೆ ವಾರಕ್ಕೆ ಒಂದು ಕೆಜಿ ಹಾಲಿನ ಪುಡಿಯ ಆಹಾರ. ಇನ್ನೊಂದಕ್ಕೆ ಆಹಾರ ಇಲ್ಲ, ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು ಒಂದು ಗಂಟೆ ತಾಯಿಗೆ ಮಗುವಿನ ಜೊತೆ ಆಡುವುದು, ಮಾತಾಡುವುದು ಹೇಗೆ ಎಂದು ತೋರಿಸುತ್ತಾಳೆ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಇದು ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷದ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದರೆ, ಆಟ ಮಾತು ಸಿಕ್ಕ ಮಕ್ಕಳು ಸಿಗದವರಿಗಿಂತ ಶೇ. 25ರಷ್ಟು ಹೆಚ್ಚು ದುಡಿಯುತ್ತಿದ್ದರು. ಬರೀ ಆಹಾರ ಸಿಕ್ಕವರಲ್ಲಿ ಅಂಥ ದೀರ್ಘ ಲಾಭ ಕಾಣಲಿಲ್ಲ. 2014ರಲ್ಲಿ ಈ ಫಲಿತಾಂಶ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಮೇವಿಗಿಂತ ಸ್ಟಿಮ್ಯುಲೇಶನ್ ಗೆದ್ದುಬಿಟ್ಟಿತಲ್ಲ! ಗೆದ್ದದ್ದು ಯಾವುದು ಎಂದು ಮಾತ್ರ ಸರಿಯಾಗಿ ನೋಡಬೇಕು. ಎರಡು ವರ್ಷ, ವಾರ ತಪ್ಪದೆ, ಅದೇ ಅಕ್ಕ ಬರುತ್ತಾಳೆ. ಮಗು ಊಂ ಅಂದರೆ ತಾಯಿ ಊಂ ಅನ್ನುತ್ತಾಳೆ, ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸುತ್ತಾಳೆ, ಬಚ್ಚಿಟ್ಟು ತೋರಿಸುತ್ತಾಳೆ. ಮಗು ತಿರುಗಿ ಕೇಳುತ್ತದೆ. ಇದು ಹೂಮಳೆಯೂ ಹೌದು, ಬ್ಯಾಕಿಂಗೂ ಹೌದು. ಮೊಬೈಲಿನಲ್ಲಿ ಇರದಿರುವುದು ಈ ಮಾರುತ್ತರವೇ. ಬಣ್ಣ, ಸದ್ದು, ಕುಣಿತ ಎಲ್ಲ ಇದೆ, ಮಗು ಊಂ ಅಂದರೆ ಅದಕ್ಕೆ ಕೇಳಿಸುವುದಿಲ್ಲ. ಒಂದು ವರ್ಷದ ಕೂಸಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಡಾಕ್ಟರರ ಓವರ್ ಸ್ಟಿಮ್ಯುಲೇಶನ್ ಮತ್ತು ಅಂಗನವಾಡಿಯ ಅರ್ಲಿ ಸ್ಟಿಮ್ಯುಲೇಶನ್ ಒಂದೇ ವಸ್ತುವಿನ ಜಾಸ್ತಿ ಕಡಿಮೆ ಅಲ್ಲ. ಅವು ಬೇರೆ ಬೇರೆ ವಸ್ತುಗಳು. ಒಂದೇ ಹೆಸರು ಇಟ್ಟು ನಮ್ಮನ್ನು ಗೊಂದಲ ಮಾಡಿದ್ದಾರೆ.

ಕೇಂದ್ರ ಸರ್ಕಾರ 2024ರಲ್ಲಿ ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿ 'ನವಚೇತನ' ಎಂಬ ಚೌಕಟ್ಟು ತಂದಿತು. 36 ತಿಂಗಳಿಗೆ 140 ಚಟುವಟಿಕೆಗಳು, ತಿಂಗಳವಾರು. ಪಟ್ಟಿ ಚೆನ್ನಾಗಿದೆ. ನಮ್ಮ ಅಜ್ಜಿಯರು ಮಾಡುತ್ತಿದ್ದ ಚಪ್ಪಾಳೆ, ಕಣ್ಣಾಮುಚ್ಚೆ, ಎಣ್ಣೆ ಹಚ್ಚುತ್ತ ಮಾತಾಡುವುದು ಎಲ್ಲ ಅದರಲ್ಲಿ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ. ಆದರೆ ಮೂರು ವರ್ಷದೊಳಗಿನ ಕೂಸು ದಿನಾ ಅಂಗನವಾಡಿಗೆ ಬಂದು ಕೂರುವುದಿಲ್ಲ. ಕಾರ್ಯಕರ್ತೆಯೇ ಮನೆಗೆ ಹೋಗಬೇಕು. ಅಡುಗೆ, ತೂಕ, ಲಸಿಕೆ ದಿನ, ಮೊಬೈಲ್ ಆ್ಯಪಿಗೆ ಫೋಟೊ, ಸರ್ವೆ, ಚುನಾವಣೆ ಪಟ್ಟಿ ಎಲ್ಲ ಮುಗಿಸಿ. ವಾರಕ್ಕೊಂದು ಗಂಟೆ ಒಂದು ಮನೆಗೆ ಅನ್ನುವುದು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಮೂವತ್ತು ಸೆಂಟ್ಸ್ ಬೀಳಬಹುದು, ಅಷ್ಟೆ.

ಕಾಫಿ ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಕಷ್ಟ ಇನ್ನೂ ಒಂದು ಪಟ್ಟು ಜಾಸ್ತಿ. ಈಗ ಅಲ್ಲಿ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳು ತುಂಬಾ ಇವೆ. ತಾಯಿ ಹಣ್ಣು ಕೊಯ್ಯಲು ಬೆಳಗ್ಗೆಯೇ ಹೋಗುತ್ತಾಳೆ. ಮಗುವಿನ ಮನೆಮಾತು ಒಂದು, ಕಾರ್ಯಕರ್ತೆಯ ಮಾತು ಇನ್ನೊಂದು. ಮಾತಾಡಿಸುವುದೇ ಮದ್ದು ಎಂದಾದರೆ, ಯಾವ ಭಾಷೆಯಲ್ಲಿ? ಮಗುವಿಗೆ ಮಾರುತ್ತರ ಕೊಡಬಲ್ಲವರು ಅದೇ ಲೈನಿನಲ್ಲಿರುವ ವಯಸ್ಸಾದ ಹೆಂಗಸರು, ಕೆಲಸಕ್ಕೆ ಹೋಗದ ಅಕ್ಕಂದಿರು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕು, ನೋಡಿಕೊಳ್ಳಲು ತರಬೇತಾದ ಹೆಂಗಸು ಇರಬೇಕು ಎಂದು ಬರೆಯಿತು. ಚಿಕ್ಕ ತೋಟಗಳು ಆ ಲೆಕ್ಕದಿಂದಲೇ ಹೊರಗೆ. ನಾಲ್ಕೈದು ಚಿಕ್ಕ ತೋಟದವರು ಸೇರಿ, ಲೈನಿನ ಒಬ್ಬ ಹೆಂಗಸಿಗೆ ಹಣ್ಣು ಕೊಯ್ಯುವ ಕೂಲಿಯನ್ನೇ ಕೊಟ್ಟು, ಮಕ್ಕಳ ಜೊತೆ ಕೂರಿಸಬಹುದು. ಅಂಗನವಾಡಿಯವರು ಅವಳಿಗೆ 140ರಲ್ಲಿ ಇಪ್ಪತ್ತು ಆಟ ಕಲಿಸಿದರೂ ಆಯಿತು, ಉಳಿದದ್ದು ಅವಳಿಗೆ ಅವಳ ಊರಿನಿಂದಲೇ ಗೊತ್ತಿರುತ್ತದೆ. ಕೊಯ್ಲು ನವೆಂಬರ್‌ನಿಂದ ಫೆಬ್ರವರಿವರೆಗೆ. ಆ ನಾಲ್ಕು ತಿಂಗಳ ಕೂಲಿಯನ್ನು ಪಂಚಾಯ್ತಿಯೋ ಕಾಫಿ ಮಂಡಳಿಯೋ ಹಂಚಿಕೊಳ್ಳಲು ಒಪ್ಪಿದರೆ ಮುಂದಿನ ಸೀಸನ್ನಿಗೇ ಶುರು ಮಾಡಬಹುದು.